ಮುಚ್ಚಿದ ಬಾಗಿಲ ಹಿಂದಿನ ಗಾನ: ವಿಲಿಯಂ ಬರ್ಡ್

ಬಲಿಪೂಜೆ ಅರ್ಪಿಸುವುದೂ ಅದರಲ್ಲಿ ಪಾಲ್ಗೊಳ್ಳುವುದೂ ಅಪರಾಧವೆನಿಸಿದ್ದ ಕಾಲದಲ್ಲಿ, ಆ ಬಲಿಪೂಜೆಗಾಗಿಯೇ ಸಂಗೀತ ರಚಿಸಿದವನು ಇಂಗ್ಲೆಂಡಿನ ವಿಲಿಯಂ ಬರ್ಡ್. ಸುಮಾರು 1540ರಲ್ಲಿ ಜನಿಸಿದ ಆತ 1563ರಲ್ಲಿ ಲಿಂಕನ್ ಪ್ರಧಾನಾಲಯದ ಆರ್ಗನ್ ವಾದಕನಾದನು; 1572ರಲ್ಲಿ ಒಂದನೆಯ ಎಲಿಜಬೆತ್ ರಾಣಿಯ ಅರಮನೆಯ ಗಾನವೃಂದವನ್ನು ಸೇರಿದನು. 1575ರಲ್ಲಿ ರಾಣಿಯು ಬರ್ಡ್‌ಗೂ ಹಿರಿಯ ಸಂಗೀತಗಾರ ಥಾಮಸ್ ಟ್ಯಾಲಿಸ್‌ಗೂ 21 ವರ್ಷಗಳ ಕಾಲ ಸಂಗೀತ ಮುದ್ರಣದ ಏಕಸ್ವಾಮ್ಯವನ್ನು ದಯಪಾಲಿಸಿದಳು.

ಆದರೆ ಬರ್ಡ್ ಕಥೋಲಿಕನಾಗಿದ್ದನು. 1581ರ ಕಾನೂನಿನಂತೆ ಆಂಗ್ಲ ಸಭೆಯ ಆರಾಧನೆಗೆ ಹೋಗದವರು ತಿಂಗಳಿಗೆ 20 ಪೌಂಡ್ ದಂಡ ತೆರಬೇಕಿತ್ತು. ಅದೇ ಡಿಸೆಂಬರಿನಲ್ಲಿ ಯೇಸುಸಭೆಯ ಗುರು ಎಡ್ಮಂಡ್ ಕ್ಯಾಂಪಿಯನ್‌ರನ್ನು ಲಂಡನ್ನಿನ ಟೈಬರ್ನ್‌ನಲ್ಲಿ ಗಲ್ಲಿಗೇರಿಸಲಾಯಿತು. ಆ ರಕ್ತಸಾಕ್ಷಿಯ ಸಾವನ್ನು ಕುರಿತ ಕವಿತೆಗೆ ಬರ್ಡ್ ಧೈರ್ಯದಿಂದ ರಾಗ ಸಂಯೋಜಿಸಿದನು. ಆತನ ಹೆಸರೂ ಪತ್ನಿ ಜೂಲಿಯಾನಾಳ ಹೆಸರೂ ನ್ಯಾಯಾಲಯದ ದಾಖಲೆಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡವು.

ಸುಮಾರು 1593ರಲ್ಲಿ ಆತ ಎಸೆಕ್ಸ್ ಪ್ರಾಂತ್ಯದ ಸ್ಟಾಂಡನ್ ಮ್ಯಾಸಿ ಗ್ರಾಮಕ್ಕೆ ಬಂದು ನೆಲೆಸಿದನು. ಸಮೀಪದಲ್ಲೇ ಪೀಟರ್ ಎಂಬ ಕಥೋಲಿಕ ಶ್ರೀಮಂತ ಮನೆತನವಿತ್ತು. ಅಂಥ ಮನೆಗಳ ಒಳಕೋಣೆಗಳಲ್ಲಿ, ಕದವಿಕ್ಕಿ, ತಲೆಮರೆಸಿಕೊಂಡ ಗುರುಗಳು ಬಲಿಪೂಜೆ ಅರ್ಪಿಸುತ್ತಿದ್ದರು. ಹಾಡುವವರು ಮನೆಯವರು, ಆಪ್ತರು, ಕೆಲವೇ ಮಂದಿ. ಅವರಿಗಾಗಿಯೇ ಬರ್ಡ್ ಮೂರು, ನಾಲ್ಕು ಮತ್ತು ಐದು ಕಂಠಗಳಿಗೆ ಮೂರು ಬಲಿಪೂಜಾ ಗಾನಗಳನ್ನು ಬರೆದನು. 1592ರಿಂದ 1595ರೊಳಗೆ ಅಚ್ಚಾದ ಈ ಪುಸ್ತಿಕೆಗಳಿಗೆ ಶೀರ್ಷಿಕೆಯ ಪುಟವಿಲ್ಲ, ಮುದ್ರಕನ ಹೆಸರಿಲ್ಲ, ವರ್ಷವೂ ಇಲ್ಲ. ಆದರೆ ಪುಟಗಳ ನೆತ್ತಿಯ ಮೇಲೆ ತನ್ನ ಹೆಸರನ್ನು ಮಾತ್ರ ಆತ ಮರೆಮಾಡಲಿಲ್ಲ! ನಾಲ್ಕು ಕಂಠಗಳ ರಚನೆಯಲ್ಲಿ ‘ದೇವರ ಕುರಿಮರಿ’ ಪ್ರಾರ್ಥನೆಯು ಎರಡೇ ದನಿಗಳಿಂದ ಮೊದಲಾಗುತ್ತದೆ. ಕೊನೆಯಲ್ಲಿ ಶಾಂತಿಯನ್ನು ಬೇಡುವಾಗ ನಾಲ್ಕೂ ದನಿಗಳು ಒಂದಕ್ಕೊಂದು ತಾಗಿ, ನೊಂದು, ನಿಧಾನವಾಗಿ ಸಮಾಧಾನಗೊಳ್ಳುತ್ತವೆ. ಶಾಂತಿಯೇ ಇಲ್ಲದವರು ಹಾಡಿದ ಪ್ರಾರ್ಥನೆಯದು.

ಇದೇ ಬರ್ಡ್ ಆಂಗ್ಲ ಸಭೆಯ ಆರಾಧನೆಗೂ ಇಂಗ್ಲಿಷಿನಲ್ಲಿ ಭವ್ಯವಾದ ಕೃತಿಗಳನ್ನು ರಚಿಸಿದ್ದಾನೆ. ಇಬ್ಬರು ಯಜಮಾನರ ಸೇವೆಯೇ ಇದು ಎಂದು ಕೇಳುವವರುಂಟು. ನನಗೆ ಹಾಗೆನಿಸದು. ರಾಣಿಯ ಆಶ್ರಯವಿಲ್ಲದಿದ್ದರೆ ಆತ ಸೆರೆಮನೆ ಕಾಣುವ ಸಂಭವವಿತ್ತು. ಆದರೆ ಆ ಆಶ್ರಯಕ್ಕಾಗಿ ಆತ ತನ್ನ ವಿಶ್ವಾಸವನ್ನು ಮಾರಲಿಲ್ಲ.

ಅಪಾಯವೇನೂ ಕಲ್ಪಿತವಾಗಿರಲಿಲ್ಲ. ವರ್ಷದ ಹಬ್ಬಗಳ ಬಲಿಪೂಜೆಗೆ ಬೇಕಾದ ಗೀತೆಗಳ ‘ಗ್ರಾದುವಾಲಿಯಾ’ ಸಂಗ್ರಹದ ಮೊದಲ ಭಾಗ 1605ರಲ್ಲಿ ಪ್ರಕಟವಾಯಿತು. ಸಂಸತ್ತನ್ನು ಸ್ಫೋಟಿಸುವ ಸಂಚು ಬಯಲಾದ ವರ್ಷವದು. ಬರ್ಡ್‌ನ ಆ ಗೀತೆಗಳು ಕೈಯಲ್ಲಿ ಸಿಕ್ಕವೆಂಬ ಕಾರಣಕ್ಕೆ ಷಾರ್ಲ್ ದ ಲಿನ್ಯಿ ಎಂಬ ಫ್ರೆಂಚ್ ಪ್ರವಾಸಿ ಲಂಡನ್ನಿನ ನ್ಯೂಗೇಟ್ ಸೆರೆಮನೆ ಸೇರಿದನು. ಆದರೂ 1607ರಲ್ಲಿ ಎರಡನೆಯ ಭಾಗ ಹೊರಬಂದಿತು.

ಕಥೋಲಿಕ ಧರ್ಮಸಭೆಯ ನಿಜ ಸದಸ್ಯನಾಗಿಯೇ ಬಾಳಿ ಸಾಯುವಂತಾಗಲೆಂದು ಮುದುಕ ಬರ್ಡ್ ತನ್ನ ಮರಣಶಾಸನದಲ್ಲಿ ಬೇಡಿಕೊಂಡನು. ಸ್ಟಾಂಡನ್‌ನಲ್ಲೇ, ಪತ್ನಿಯ ಸಮಾಧಿಯ ಬಳಿಯಲ್ಲೇ ತನ್ನನ್ನು ಹೂಳಬೇಕೆಂದೂ ಬಯಸಿದನು. 1623ರ ಜುಲೈ 4ರಂದು ಆತ ತೀರಿಕೊಂಡಾಗ ಅರಮನೆಯ ಗಾನವೃಂದದ ದಾಖಲೆ ಪುಸ್ತಕವು ಆತನನ್ನು ಸಂಗೀತದ ಪಿತಾಮಹನೆಂದು ಬರೆದುಕೊಂಡಿತು.