ಮಾದಪ್ಪನ ಬೆಟ್ಟವೂ ತಪ್ಪೊಪ್ಪಿಗೆಯ ಕಾನೂನೂ

ಕಂಸಾಳೆಯವರ ಬಾಯಲ್ಲಿ ಮಲೆಯ ಮಾದೇಶ್ವರನ ಕಥೆಯನ್ನು ಕೇಳಿದವರಿಗೆ ಸಂಕಮ್ಮನ ಸಾಲು ನೆನಪಿರಲೇಬೇಕು. ಸೋಲಿಗರ ನೀಲೇಗೌಡ ಕಾಡಿಗೆ ಹೊರಡುವ ಮುನ್ನ ಹೆಂಡತಿಯನ್ನು ಪಾತಿವ್ರತ್ಯದ ಭಾಷೆ ಕೊಡೆಂದು ಕೇಳುತ್ತಾನೆ. ತಪ್ಪೇ ಮಾಡದವಳು ಆಣೆ ಏಕೆ ಇಡಬೇಕು? ಸಂಕಮ್ಮ ಒಪ್ಪುವುದಿಲ್ಲ. ಅವನು ಹಿಂಸೆ ಕೊಡುತ್ತಾನೆ, ಕಟ್ಟಿಹಾಕಿ ಹೊರಟುಹೋಗುತ್ತಾನೆ. ಜಂಗಮನ ವೇಷದಲ್ಲಿ ಬಂದ ಮಾದಪ್ಪ ಅವಳನ್ನು ಬಿಡಿಸುತ್ತಾನೆ. ನೋವು ಕೊಟ್ಟು ಹೊರಡಿಸಿದ ಮಾತಿಗೆ ಬೆಲೆಯಿಲ್ಲವೆಂಬ ತಿಳಿವಳಿಕೆಯನ್ನು ಈ ಬೆಟ್ಟದ ಜನಕ್ಕೆ ಯಾವ ಶಾಸನಸಭೆಯೂ ಕಲಿಸಬೇಕಾಗಿರಲಿಲ್ಲ. ಆದರೂ ನಾನಿಲ್ಲಿ ಹೇಳಹೊರಟಿರುವುದು ಶಾಸನಗಳ ಕಥೆಯನ್ನೇ. ಅದು ಕೊನೆಗೆ ಬಂದು ನಿಲ್ಲುವುದು ಇದೇ ಬೆಟ್ಟದ ಮೇಲೆ.

ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ ಒಂದರಂದು. ಅದಕ್ಕೆ ಮೊದಲು, 1799ರಲ್ಲಿ ಟಿಪ್ಪೂ ಸುಲ್ತಾನನ ಪತನವಾದ ಮೇಲೆ, ಒಂದೂವರೆ ಶತಮಾನದಷ್ಟು ಕಾಲ ಅದು ಮದರಾಸು ಆಧಿಪತ್ಯದ ಕೊಯಮತ್ತೂರು ಜಿಲ್ಲೆಯ ಭಾಗವಾಗಿತ್ತು. ಹಾಗಾಗಿ ಮದರಾಸಿನ ಒಂದು ಪ್ರಸಿದ್ಧ ವಿಚಾರಣೆಗೂ ಈ ಸೀಮೆಗೂ ನಂಟುಂಟು. ಕಂಪೆನಿಯ ಅಧಿಕಾರಿಗಳು ಕಂದಾಯ ವಸೂಲಿಗಾಗಿ ರೈತರಿಗೆ ಚಿತ್ರಹಿಂಸೆ ಕೊಡುತ್ತಾರೆಂಬ ಮಾತು 1854ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟಿನಲ್ಲಿ ಎದ್ದಿತು. ಮದರಾಸು ಸರ್ಕಾರ ಮೂವರ ಆಯೋಗವನ್ನು ನೇಮಿಸಿತು. ಆಯೋಗಕ್ಕೆ ಸುಮಾರು ಎರಡು ಸಾವಿರ ದೂರುಗಳು ಬಂದುವು. ದಿನಗಟ್ಟಲೆ ನಡೆದು ಖುದ್ದಾಗಿ ಬಂದು ಹೇಳಿಕೊಂಡವರೇ ನೂರಾರು ಮಂದಿ. 1855ರಲ್ಲಿ ಹೊರಬಂದ ವರದಿ ಇಂದಿಗೂ ಓದಲು ಕಷ್ಟವಾದ ಪುಸ್ತಕ. ಬಿಸಿಲಲ್ಲಿ ನಿಲ್ಲಿಸುವುದು, ತಲೆಯನ್ನು ಕಾಲಿನತ್ತ ಬಗ್ಗಿಸಿ ಕಟ್ಟುವುದು, 'ಕಿಟ್ಟಿ' ಎಂಬ ಮರದ ಅಡಕತ್ತರಿಯಲ್ಲಿ ಬೆರಳುಗಳನ್ನು ಇಟ್ಟು ಒತ್ತುವುದು, ಕಣ್ಣಿಗೆ ಮೆಣಸಿನಪುಡಿ ಹಾಕುವುದು, ಹೀಗೆ ಅದರಲ್ಲಿ ಪಟ್ಟಿಯೇ ಇದೆ. ಕಾರ್ಲ್ ಮಾರ್ಕ್ಸ್ 1857ರಲ್ಲಿ ನ್ಯೂಯಾರ್ಕಿನ ಪತ್ರಿಕೆಯೊಂದಕ್ಕೆ ಈ ವರದಿಯ ಆಧಾರದಿಂದಲೇ ಲೇಖನ ಬರೆದನು. ಸಿಪಾಯಿಗಳ ಕ್ರೌರ್ಯದ ವಿಷಯ ಲಂಡನ್ನಿನಲ್ಲಿ ಎಲ್ಲರ ಬಾಯಲ್ಲೂ ಇದ್ದ ಕಾಲ ಅದು.

ಆಯೋಗ ಕಂಡ ಮುಖ್ಯ ದೋಷವೆಂದರೆ ಕಂದಾಯ ವಸೂಲು ಮಾಡುವ ಕೈಯಲ್ಲೇ ಪೋಲೀಸು ಅಧಿಕಾರವೂ ಇದ್ದದ್ದು. ಆದುದರಿಂದ 1859ರಲ್ಲಿ ಮದರಾಸಿನ ಪೋಲೀಸನ್ನು ಕಂದಾಯ ಇಲಾಖೆಯಿಂದ ಬೇರೆ ಮಾಡಿದರು. ಇನ್ನೊಂದು ಪರಿಹಾರ ಅದಕ್ಕಿಂತ ಆಳವಾದದ್ದು. ಪೋಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ನ್ಯಾಯಾಲಯ ನೋಡಲೇಬಾರದೆಂದು 1861ರ ಕ್ರಿಮಿನಲ್ ಪ್ರಕ್ರಿಯೆಯ ಕಾನೂನು ವಿಧಿಸಿತು. 1872ರ ಸಾಕ್ಷ್ಯ ಶಾಸನದಲ್ಲಿ ಅದೇ 25ನೆಯ ಕಲಮಾಯಿತು. ಇಂಗ್ಲೆಂಡಿನಲ್ಲಿಯೂ ಇಷ್ಟು ಕಟ್ಟುನಿಟ್ಟಾದ ನಿಯಮ ಇರಲಿಲ್ಲ. ಶಾಸನವನ್ನು ಬರೆದ ಸ್ಟೀಫನ್ ಸಾಹೇಬನು ಮುಂದೆ, ಪೋಲೀಸರ ಹಿಂಸೆಗೆ ಕ್ರೌರ್ಯಕ್ಕಿಂತ ಮೈಗಳ್ಳತನವೇ ಹೆಚ್ಚಿನ ಕಾರಣವೆಂಬ ಅರ್ಥ ಬರುವಂತೆ, ಒಬ್ಬ ಅನುಭವಸ್ಥ ಅಧಿಕಾರಿಯ ಮಾತನ್ನು ಬರೆದಿಟ್ಟಿದ್ದಾನೆ. ಹೊಡೆದರೆ ಒಪ್ಪಿಗೆ ಸಿಗುತ್ತದೆ, ಒಪ್ಪಿಗೆ ಸಿಕ್ಕರೆ ಸಾಕ್ಷ್ಯ ಹುಡುಕುವ ಶ್ರಮ ತಪ್ಪುತ್ತದೆ. ಒಪ್ಪಿಗೆಗೇ ಬೆಲೆಯಿಲ್ಲವೆಂದಾದರೆ ಹೊಡೆಯುವುದರಿಂದ ಲಾಭವೇನು? 25ನೆಯ ಕಲಮಿನ ತರ್ಕ ಇಷ್ಟೇ. ಅದರಿಂದ ಪೋಲೀಸು ಠಾಣೆಗಳಲ್ಲಿ ಏಟು ನಿಂತುಹೋಯಿತೆಂದು ಯಾರೂ ಹೇಳಲಾರರು. ಆದರೆ ಏಟಿಗೆ ನ್ಯಾಯಾಲಯದ ಮುದ್ರೆ ಬೀಳುವುದಂತೂ ನಿಂತಿತು.

ಯುದ್ಧಕಾಲ ಬಂದಾಗ ಸರ್ಕಾರಗಳು ಮೊದಲು ಕೈಹಾಕುವುದು ಇಂಥ ಕಲಮುಗಳಿಗೇ. 1915ರಲ್ಲಿ, 1939ರಲ್ಲಿ, ಸ್ವತಂತ್ರ ಭಾರತದಲ್ಲಿ 1962ರಲ್ಲಿ ಭಾರತ ರಕ್ಷಣಾ ಶಾಸನಗಳು ಬಂದುವು. 1971ರಲ್ಲಿ ಮೀಸಾ ಬಂತು. ಅವು ಬಹುಮಟ್ಟಿಗೆ ವಿಚಾರಣೆಯಿಲ್ಲದೆ ಸೆರೆಯಲ್ಲಿಡುವ ಕಾನೂನುಗಳು. ತುರ್ತುಪರಿಸ್ಥಿತಿಯಲ್ಲಿ ಮೀಸಾ ಏನು ಮಾಡಿತೆಂಬುದು ಬೆಂಗಳೂರಿನ ಓದುಗರಿಗೆ ಹೊಸದಲ್ಲ. ನಟಿ ಸ್ನೇಹಲತಾ ರೆಡ್ಡಿಯವರು ಆಸ್ತಮಾದಿಂದ ನರಳುತ್ತ ಬೆಂಗಳೂರಿನ ಸೆರೆಮನೆಯಲ್ಲಿ ಎಂಟು ತಿಂಗಳು ಕಳೆದು, 1977ರ ಜನವರಿಯಲ್ಲಿ ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಆದರೆ ಆ ಯಾವ ಶಾಸನವೂ ಸಾಕ್ಷ್ಯ ಶಾಸನದ 25ನೆಯ ಕಲಮನ್ನು ಟಾಡಾ ಮುರಿದಂತೆ ಮುರಿದಿರಲಿಲ್ಲ. ಪಂಜಾಬಿನ ಗಲಭೆಗಾಗಿ 1985ರಲ್ಲಿ ಹುಟ್ಟಿ 1987ರಲ್ಲಿ ಹೊಸ ರೂಪ ತಳೆದ ಟಾಡಾದ 15ನೆಯ ಕಲಮಿನ ಪ್ರಕಾರ, ಪೋಲೀಸು ಸೂಪರಿಂಟೆಂಡೆಂಟರ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆ ಸಾಕ್ಷ್ಯವಾಗುತ್ತದೆ. ಜಾಮೀನು ಸಿಗುವುದು ಬಹು ದುರ್ಲಭ. 1994ರ ಮಾರ್ಚಿಯಲ್ಲಿ ಸುಪ್ರೀಂ ಕೋರ್ಟು ಕರ್ತಾರ್ ಸಿಂಗ್ ಮೊಕದ್ದಮೆಯಲ್ಲಿ, ಕೆಲವು ಕಟ್ಟುಪಾಡುಗಳನ್ನು ಸೂಚಿಸಿ, ಈ ಕಲಮನ್ನು ಬಹುಮತದಿಂದ ಎತ್ತಿಹಿಡಿಯಿತು. ಐವರು ನ್ಯಾಯಮೂರ್ತಿಗಳಲ್ಲಿ ಕೆ. ರಾಮಸ್ವಾಮಿ ಮತ್ತು ಆರ್. ಎಂ. ಸಹಾಯ್ ಇಬ್ಬರು ಅದನ್ನು ಒಪ್ಪಲಿಲ್ಲ.

ಪಂಜಾಬಿನ ಕಾನೂನಿಗೆ ಮಾದಪ್ಪನ ಬೆಟ್ಟದಲ್ಲಿ ಏನು ಕೆಲಸ? ಕೊಳ್ಳೇಗಾಲದಿಂದ ಹನೂರು, ಕೌದಳ್ಳಿ ದಾಟಿ, ತಾಳಬೆಟ್ಟದಲ್ಲಿ ಘಟ್ಟ ಹತ್ತಿ ದೇವರ ಸನ್ನಿಧಿಗೆ ಬರುವ ದಾರಿ ಮುಂದೆ ಪಾಲಾರಿಗೆ ಇಳಿಯುತ್ತದೆ. ಆಚೆಗೆ ತಮಿಳುನಾಡು. ವೀರಪ್ಪನ್ ಹುಟ್ಟಿದ ಗೋಪಿನಾಥಂ ಈ ಸೆರಗಿನಲ್ಲೇ ಇದೆ. ಆನೆದಂತ, ಗಂಧದ ಮರ ಕದಿಯುತ್ತಿದ್ದವನು ಕೊಲೆಗಡುಕನಾದ ಬಗೆ ಎಲ್ಲರಿಗೂ ತಿಳಿದದ್ದೇ. ಗೋಪಿನಾಥಂ ಜನರ ಮನಸ್ಸನ್ನು ಪ್ರೀತಿಯಿಂದ ಗೆಲ್ಲಲು ಹೊರಟಿದ್ದ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನು 1991ರ ನವೆಂಬರ್ 10ರಂದು, ಶರಣಾಗುತ್ತೇನೆಂದು ನಂಬಿಸಿ ಕರೆಸಿ ಕೊಂದನು. 1992ರಲ್ಲಿ ರಾಮಾಪುರದ ಠಾಣೆಗೆ ನುಗ್ಗಿ ಪೋಲೀಸರನ್ನು ಕೊಂದನು. ಅದೇ ವರ್ಷ ಆಗಸ್ಟ್ 14ರಂದು ಮೀಣ್ಯದ ಬಳಿ ಸೂಪರಿಂಟೆಂಡೆಂಟ್ ಹರಿಕೃಷ್ಣ, ಸಬ್ ಇನ್ಸ್‌ಪೆಕ್ಟರ್ ಶಕೀಲ್ ಅಹಮದ್ ಹೊಂಚಿಗೆ ಬಲಿಯಾದರು. 1993ರ ಏಪ್ರಿಲ್ 9ರಂದು ಪಾಲಾರಿನ ಬಳಿ ನೆಲಬಾಂಬು ಸಿಡಿದು 22 ಮಂದಿ ಸತ್ತರು. ಇಷ್ಟನ್ನೂ ನೆನೆಯದೆ ಮುಂದಿನದನ್ನು ಬರೆದರೆ ನ್ಯಾಯವಾಗದು. ಶ್ರೀನಿವಾಸ್ ಅವರಂಥವರ ಸಾವು ಇಲಾಖೆಗಳಲ್ಲಿ ಎಬ್ಬಿಸಿದ ಉರಿಯನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ.

ಎರಡು ರಾಜ್ಯಗಳ ವಿಶೇಷ ಕಾರ್ಯಪಡೆಗಳು ಕಾಡಿಗೆ ಇಳಿದುವು. ಗಡಿ ಭದ್ರತಾ ಪಡೆಯೂ ಬಂತು. ಹೆಸರಿಗೆ ಪೋಲೀಸು ಕೆಲಸ, ರೀತಿಯಲ್ಲಿ ಯುದ್ಧ. ಶತ್ರು ಕಣ್ಣಿಗೆ ಬೀಳದ ಯುದ್ಧದಲ್ಲಿ ಕೈಗೆ ಸಿಗುವವರು ಹಳ್ಳಿಯವರು. ಅವರಲ್ಲಿ ಕಾಡಿನಂಚಿನ ತಮಿಳು ಬೇಸಾಯಗಾರರಿದ್ದರು, ಸೋಲಿಗರಿದ್ದರು, ಲಂಬಾಣಿಗರಿದ್ದರು, ಬಿದಿರು ಕಡಿಯುವವರು, ಕಲ್ಲು ಒಡೆಯುವವರಿದ್ದರು. ಅಕ್ಕಿ ಹೆಚ್ಚಾಗಿ ಕೊಂಡದ್ದೇ ಗುಮಾನಿಗೆ ಸಾಕಾಗುತ್ತಿತ್ತು. ರಾತ್ರಿ ಬಂದು ಅಕ್ಕಿ ಕೇಳುವವನ ಕೈಯಲ್ಲಿ ಬಂದೂಕ, ಬೆಳಿಗ್ಗೆ ಬಂದು ಯಾರಿಗೆ ಕೊಟ್ಟೆ ಎನ್ನುವವನ ಕೈಯಲ್ಲಿಯೂ ಬಂದೂಕ. ಹಿಡಿದವರನ್ನು ಮಲೆ ಮಹದೇಶ್ವರ ಬೆಟ್ಟದ ಶಿಬಿರಕ್ಕೆ ತರುತ್ತಿದ್ದರು. ಅಲ್ಲಿನ ವಿಚಾರಣೆಯ ಮನೆಗೆ 'ವರ್ಕ್‌ಶಾಪು' ಎಂದು ಹೆಸರು ಬಿದ್ದಿತ್ತು. ಯಂತ್ರ ರಿಪೇರಿಯ ಜಾಗದ ಹೆಸರು! ವಿದ್ಯುತ್ತಿನ ಆಘಾತ, ತಲೆಕೆಳಗಾಗಿ ತೂಗುಹಾಕುವುದು, ಹೆಂಗಸರ ಮೇಲೆ ಅತ್ಯಾಚಾರ, ದಾಖಲೆಯಿಲ್ಲದೆ ವಾರಗಟ್ಟಲೆ ಬಂಧನ ಇವುಗಳ ಬಗೆಗೆ ಸಂತ್ರಸ್ತರು ಮುಂದೆ ಆಯೋಗದ ಎದುರು ಹೇಳಿದ್ದನ್ನು ಭಾನುವಾರದ ಪುರವಣಿಯಲ್ಲಿ ವಿವರವಾಗಿ ಬರೆಯಲು ನನ್ನ ಲೇಖನಿ ಹಿಂಜರಿಯುತ್ತದೆ. 1855ರ ವರದಿಯ ಪಕ್ಕದಲ್ಲಿಟ್ಟು ಓದಿದರೆ ಹೊಸದಾಗಿ ಸೇರಿದ್ದು ವಿದ್ಯುಚ್ಛಕ್ತಿಯೊಂದೇ ಎನ್ನಿಸುತ್ತದೆ.

ನೂರಕ್ಕೂ ಹೆಚ್ಚು ಮಂದಿ, ಹೆಂಗಸರೂ ಸೇರಿ, ಟಾಡಾ ಕೈದಿಗಳಾಗಿ ಮೈಸೂರಿನ ಸೆರೆಮನೆಗೆ ಹೋದರು. 1995ರ ಮೇ ತಿಂಗಳಲ್ಲಿ ಟಾಡಾ ಸತ್ತಿತು. ಪಾರ್ಲಿಮೆಂಟು ಅದನ್ನು ಮುಂದುವರಿಸಲಿಲ್ಲ. ಆದರೆ ಹಳೆಯ ಮೊಕದ್ದಮೆಗಳು ಮಾತ್ರ ಉಳಿದುವು. ಕಾನೂನು ಸತ್ತ ಮೇಲೂ ಅದರ ಕೈದಿಗಳು ಒಳಗೇ ಇದ್ದರು. ಮೈಸೂರು, ಬೆಂಗಳೂರುಗಳಲ್ಲಿ ನಾವು ಅವರ ಬಗೆಗೆ ಮಾತನಾಡಿದ್ದು ಅಪರೂಪ. ಸ್ನೇಹಲತಾ ರೆಡ್ಡಿಯವರ ಹೆಸರು ನಮಗೆ ಗೊತ್ತು. ಈ ಕೈದಿಗಳಲ್ಲಿ ಒಬ್ಬರ ಹೆಸರೂ ನಮ್ಮ ನಾಲಿಗೆಯ ಮೇಲೆ ಇಲ್ಲ.

ನಗರಗಳಿಗೆ ಅವರ ಸುದ್ದಿ ಮುಟ್ಟಿಸಿದವನು ವೀರಪ್ಪನ್ನೇ ಎಂಬುದು ನಾಚಿಕೆಯ ಸಂಗತಿ. 2000ದ ಜುಲೈ 30ರ ರಾತ್ರಿ ಗಾಜನೂರಿನಿಂದ ಡಾ. ರಾಜಕುಮಾರ್ ಅವರನ್ನು ಅಪಹರಿಸಿ ಅವನು ಒಡ್ಡಿದ ಬೇಡಿಕೆಗಳಲ್ಲಿ ಟಾಡಾ ಕೈದಿಗಳ ಬಿಡುಗಡೆಯೂ ಒಂದಾಗಿತ್ತು. ಕರ್ನಾಟಕ ಸರ್ಕಾರ ಟಾಡಾ ಆರೋಪಗಳನ್ನು ಹಿಂತೆಗೆದುಕೊಳ್ಳಲು ಹೊರಟಿತು, ವಿಶೇಷ ನ್ಯಾಯಾಲಯ ಒಪ್ಪಿತು. ಆಗ ಸುಪ್ರೀಂ ಕೋರ್ಟಿಗೆ ಹೋದವರು ಶಕೀಲ್ ಅಹಮದರ ತಂದೆ ಅಬ್ದುಲ್ ಕರೀಂ. ಮಗನನ್ನು ಕಳೆದುಕೊಂಡ ಮುದುಕ ಕೇಳಿದ ಪ್ರಶ್ನೆ ಸರಳವಾಗಿತ್ತು: ಸರ್ಕಾರ ಕಾನೂನನ್ನು ಹೆದರಿಕೆಯಿಂದ ಬಿಟ್ಟುಕೊಡಬಹುದೇ? ನವೆಂಬರ್ 7ರಂದು ಸುಪ್ರೀಂ ಕೋರ್ಟು ಆ ಹಿಂತೆಗೆತವನ್ನು ರದ್ದುಮಾಡಿತು. ನವೆಂಬರ್ 15ರಂದು ರಾಜಕುಮಾರ್ ಬಿಡುಗಡೆಯಾದರು. ಅಬ್ದುಲ್ ಕರೀಂ ಅವರ ಪಕ್ಷ ನ್ಯಾಯವಾದದ್ದೆಂದೇ ನನ್ನ ಅಭಿಪ್ರಾಯ. ಆದರೆ ಆ ಸರ್ಕಾರವೇ, ಯಾರ ಹೆದರಿಕೆಯೂ ಇಲ್ಲದಿದ್ದ ಏಳೆಂಟು ವರ್ಷಗಳಲ್ಲಿ, ಈ ಕೈದಿಗಳ ಮೇಲಿನ ಸಾಕ್ಷ್ಯ ಗಟ್ಟಿಯೋ ಜೊಳ್ಳೋ ಎಂದು ತೂಗಿ ನೋಡಬಹುದಿತ್ತು. ಅದನ್ನು ಮಾಡಿದ್ದರೆ ಕಾಡುಗಳ್ಳನಿಗೆ ಬಡವರ ಪರ ವಕೀಲನೆಂಬ ವೇಷ ದಕ್ಕುತ್ತಿರಲಿಲ್ಲ.

2001ರ ಸೆಪ್ಟೆಂಬರಿನಲ್ಲಿ ಮೈಸೂರಿನ ವಿಶೇಷ ನ್ಯಾಯಾಲಯ ತೀರ್ಪು ಕೊಟ್ಟಿತು. ನೂರಕ್ಕೂ ಹೆಚ್ಚು ಮಂದಿ ಖುಲಾಸೆಯಾದರು. ಶಿಕ್ಷೆಯಾದದ್ದು ಬೆರಳೆಣಿಕೆಗೆ ತುಸು ಮೀರಿದವರಿಗೆ. ಹೊರಬಂದವರಲ್ಲಿ ಅನೇಕರು ಕಂಬಿಗಳ ಹಿಂದೆ ಕಳೆದ ವರ್ಷಗಳನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಜೀವಾವಧಿ ಶಿಕ್ಷೆ ಪಡೆದ ನಾಲ್ವರು ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಹೋದರು. 2004ರ ಜನವರಿಯಲ್ಲಿ ಆ ನ್ಯಾಯಾಲಯ ಶಿಕ್ಷೆಯನ್ನು ಮರಣದಂಡನೆಗೆ ಏರಿಸಿತು. ಕ್ಷಮಾದಾನದ ಅರ್ಜಿ ಒಂಬತ್ತು ವರ್ಷ ಕಾದು 2013ರಲ್ಲಿ ತಿರಸ್ಕೃತವಾಯಿತು. 2014ರ ಜನವರಿ 21ರಂದು ಅದೇ ಸುಪ್ರೀಂ ಕೋರ್ಟು, ಇಷ್ಟು ವಿಳಂಬವೇ ಒಂದು ಚಿತ್ರಹಿಂಸೆಯೆಂಬ ನಿಲುವು ತಾಳಿ, ಇತರ ಹನ್ನೊಂದು ಮಂದಿಯೊಡನೆ ಇವರ ಮರಣದಂಡನೆಯನ್ನೂ ಜೀವಾವಧಿಗೆ ಇಳಿಸಿತು.

ಈ ಮಧ್ಯೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ, ನಿವೃತ್ತ ನ್ಯಾಯಮೂರ್ತಿ ಎ. ಜೆ. ಸದಾಶಿವ ಮತ್ತು ಸಿಬಿಐಯ ಮಾಜಿ ನಿರ್ದೇಶಕ ಸಿ. ವಿ. ನರಸಿಂಹನ್ ಇವರ ಸಮಿತಿಯನ್ನು ನೇಮಿಸಿತ್ತು. ಒಬ್ಬರು ನ್ಯಾಯಪೀಠದಿಂದ ಬಂದವರು, ಮತ್ತೊಬ್ಬರು ಪೋಲೀಸಿನಿಂದಲೇ ಬಂದವರು. ಸಮಿತಿ 2003ರ ಕೊನೆಯಲ್ಲಿ ವರದಿ ಒಪ್ಪಿಸಿತು. 2007ರ ಜನವರಿಯಲ್ಲಿ ಆಯೋಗ 89 ಮಂದಿಗೆ 2.80 ಕೋಟಿ ರೂಪಾಯಿ ಪರಿಹಾರ ಕೊಡಿಸಿತು. ಸರಾಸರಿ ಲೆಕ್ಕ ಹಾಕಿದರೆ ತಲೆಗೆ ಮೂರು ಲಕ್ಷಕ್ಕೆ ತುಸು ಮೇಲೆ. 2004ರ ಅಕ್ಟೋಬರ್ 18ರಂದು ವೀರಪ್ಪನ್ ಹತನಾದಾಗ ತಮಿಳುನಾಡು ಸರ್ಕಾರ ತನ್ನ ಕಾರ್ಯಪಡೆಯವರಿಗೆ ಘೋಷಿಸಿದ ಬಹುಮಾನವೂ ತಲಾ ಮೂರು ಲಕ್ಷ. ಅದರ ಮೇಲೆ ನಿವೇಶನ, ಬಡ್ತಿ. ಈ ಸಮಾನತೆ ಆಕಸ್ಮಿಕವೇ ಸರಿ, ಆದರೂ ನನಗೆ ಮರೆಯಲಾಗುವುದಿಲ್ಲ. ಆಯೋಗಕ್ಕಿರುವುದು ಶಿಫಾರಸಿನ ಅಧಿಕಾರ, ದಂಡಿಸುವ ಅಧಿಕಾರವಲ್ಲ.

ದಂಡಿಸುವುದು ಅಸಾಧ್ಯವೇನೂ ಅಲ್ಲವೆಂಬುದಕ್ಕೆ ಗಡಿಯಾಚೆ ಧರ್ಮಪುರಿ ಜಿಲ್ಲೆಯ ವಾಚಾತಿ ಸಾಕ್ಷಿ. ಗಂಧದ ಮರ ಹುಡುಕುವ ನೆಪದಲ್ಲಿ 1992ರ ಜೂನಿನಲ್ಲಿ ಅರಣ್ಯ, ಪೋಲೀಸು, ಕಂದಾಯ ಮೂರೂ ಇಲಾಖೆಗಳವರು ಆ ಬುಡಕಟ್ಟು ಹಳ್ಳಿಗೆ ನುಗ್ಗಿದರು. 1859ರಲ್ಲಿ ಬೇರೆ ಮಾಡಿದ್ದ ಕೈಗಳು ಅಂದು ಮತ್ತೆ ಕೂಡಿಕೊಂಡಿದ್ದುವು. ಹದಿನೆಂಟು ಹೆಂಗಸರ ಮೇಲೆ ಅತ್ಯಾಚಾರವಾಯಿತು. 269 ಸಿಬ್ಬಂದಿಯ ಮೇಲೆ ಮೊಕದ್ದಮೆ ನಡೆದು, ಬದುಕಿದ್ದ 215 ಮಂದಿಗೂ 2011ರಲ್ಲಿ ಶಿಕ್ಷೆಯಾಯಿತು. 2023ರಲ್ಲಿ ಮದರಾಸು ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಹತ್ತೊಂಬತ್ತು ವರ್ಷ ಹಿಡಿದರೂ ಅಲ್ಲಿ ಅಪರಾಧಿಗಳಿಗೆ ಹೆಸರು ಬಂತು. ಬೆಟ್ಟದ ವರ್ಕ್‌ಶಾಪಿನ ಕಥೆ ಪರಿಹಾರದ ಚೆಕ್ಕಿನಲ್ಲಿ ನಿಂತಿತು.

ಟಾಡಾ ಹೋದ ಮೇಲೆ 2002ರಲ್ಲಿ ಪೋಟಾ ಬಂತು, ಅದರಲ್ಲಿಯೂ ಪೋಲೀಸರ ಮುಂದಿನ ತಪ್ಪೊಪ್ಪಿಗೆಗೆ ಬೆಲೆಯಿತ್ತು. 2004ರಲ್ಲಿ ಅದೂ ರದ್ದಾಯಿತು. 2024ರ ಜುಲೈ ಒಂದರಿಂದ ಜಾರಿಗೆ ಬಂದ ಹೊಸ ಸಾಕ್ಷ್ಯ ಸಂಹಿತೆ 1872ರ ಹಳೆಯ ನಿಷೇಧವನ್ನು ಉಳಿಸಿಕೊಂಡಿದೆ. ಚಿತ್ರಹಿಂಸೆಯ ವಿರುದ್ಧದ ವಿಶ್ವಸಂಸ್ಥೆಯ ಒಪ್ಪಂದಕ್ಕೆ ಭಾರತ 1997ರಲ್ಲಿ ಸಹಿ ಹಾಕಿ, ಇನ್ನೂ ಅನುಮೋದಿಸದೆ ಬಿಟ್ಟಿದೆ. 2010ರಲ್ಲಿ ಲೋಕಸಭೆ ಒಪ್ಪಿದ ಚಿತ್ರಹಿಂಸೆ ತಡೆ ಮಸೂದೆ ಶಾಸನವಾಗದೆ ಬಿದ್ದುಹೋಯಿತು.

ನಮ್ಮ ರಾಜ್ಯದ್ದೇ ಒಂದು ಮಾತು ಉಳಿದಿದೆ. 2000ನೆಯ ಇಸವಿಯ ಹೆಸರು ಹೊತ್ತ ಕರ್ನಾಟಕ ಸಂಘಟಿತ ಅಪರಾಧ ನಿಯಂತ್ರಣ ಶಾಸನದ 19ನೆಯ ಕಲಮು ಟಾಡಾದ 15ನೆಯದರ ತದ್ರೂಪು. ಅದೇ ಸೂಪರಿಂಟೆಂಡೆಂಟರ ದರ್ಜೆ, ಅದೇ ತಪ್ಪೊಪ್ಪಿಗೆ. ಗೌರಿ ಲಂಕೇಶ್ ಅವರ ಕೊಲೆಯ ಮೊಕದ್ದಮೆಯಲ್ಲಿ ಈ ಶಾಸನವನ್ನು ಹೂಡಲಾಗಿದೆ. ಒಬ್ಬ ಆರೋಪಿಯ ಮೇಲೆ ಹೈಕೋರ್ಟು ಕೈಬಿಟ್ಟಿದ್ದ ಅದರ ಆರೋಪವನ್ನು 2021ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಮತ್ತೆ ಹೊರಿಸಿದಾಗ, ಟಾಡಾವನ್ನು ಖಂಡಿಸಿದ್ದವರಲ್ಲಿ ಅನೇಕರು ಸಂತೋಷಪಟ್ಟರು. ಅವರ ಸಂತೋಷ ನನಗೆ ಅರ್ಥವಾಗುತ್ತದೆ. 19ನೆಯ ಕಲಮಿನ ಮಾತನ್ನು ಮಾತ್ರ ಅವರಲ್ಲಿ ಯಾರೂ ಎತ್ತಲಿಲ್ಲ.