ಕುರ್ಚಿ ನಿಜ, ಕೂತವರು ಸುಳ್ಳು

ಸಿನಿಮಾ ಚರಿತ್ರೆ ಬರೆಯುವವರು ಡಿ. ಡಬ್ಲ್ಯು. ಗ್ರಿಫಿತ್‌ಗೆ ಕೈಮುಗಿದೇ ಮುಂದೆ ಹೋಗುತ್ತಾರೆ. 1915ರ ಅವನ ಮೂಕಿ ಚಿತ್ರ ‘ದ ಬರ್ತ್ ಆಫ್ ಎ ನೇಷನ್’ ಕತೆ ಕಟ್ಟುವುದರಲ್ಲಿ ದೊಡ್ಡದು ಅನ್ನೋದನ್ನು ನಾವೂ ಅಲ್ಲಗಳೆಯೋದಿಲ್ಲ. ಆದರೆ ಅದರೊಳಗಿನ ಸುಳ್ಳಿನ ಮಾತೆತ್ತಿದರೆ ಸಾಕು, ಕಲಾವಿದನಿಗೆ ಅಷ್ಟೂ ಸ್ವಾತಂತ್ರ್ಯ ಬೇಡವೇ ಅಂತ ನಮ್ಮ ಬಾಯಿ ಮುಚ್ಚಿಸುತ್ತಾರೆ. ಯಾರ ಬೆನ್ನ ಮೇಲೆ ಕೂತು ಅನುಭವಿಸಿದ ಸ್ವಾತಂತ್ರ್ಯ ಅದು?

ಒಂದು ದೃಶ್ಯ ನೋಡೋಣ. ಅಂತರ್ಯುದ್ಧ ಮುಗಿದು ಗುಲಾಮಗಿರಿ ರದ್ದಾದ ಮೇಲೆ ದಕ್ಷಿಣ ಕೆರೊಲಿನಾದ ಶಾಸನಸಭೆಗೆ ಕಪ್ಪು ಜನ ಬಹುಮತದಲ್ಲಿ ಆರಿಸಿ ಬಂದರು. ತೆರೆಯ ಮೇಲೆ ಮೊದಲು ಬರಹ ಬರುತ್ತೆ: ಇದು 1870ರ ಸಭೆಯ ಐತಿಹಾಸಿಕ ಪಡಿಯಚ್ಚು, ಪತ್ರಿಕೆಯ ಫೋಟೊ ನೋಡಿ ಕಟ್ಟಿದ್ದು ಅಂತ. ಸರಿ, ಸಭಾಂಗಣ ಫೋಟೊದ ಹಾಗೇ ಇರಲಿ. ಕೂತವರು? ಒಬ್ಬ ಬೂಟು ಬಿಚ್ಚಿ ಕಾಲನ್ನು ಮೇಜಿನ ಮೇಲೆ ಚಾಚುತ್ತಾನೆ. ಇನ್ನೊಬ್ಬ ಕದ್ದು ಹೆಂಡ ಕುಡಿಯುತ್ತಾನೆ. ಸದಸ್ಯರೆಲ್ಲ ಬೂಟು ಹಾಕಲೇಬೇಕು ಅಂತ ಸಭಾಧ್ಯಕ್ಷ ಅಪ್ಪಣೆ ಕೊಡುತ್ತಾನೆ! ಫೋಟೊ ಕುರ್ಚಿಗೆ ಸಾಕ್ಷಿ, ನಡತೆಗಲ್ಲ. ಚಿತ್ರದ ಮೂಲ ಥಾಮಸ್ ಡಿಕ್ಸನ್ ಅನ್ನೋ ಜನಾಂಗದ್ವೇಷಿಯ 1905ರ ಕಾದಂಬರಿ ‘ದ ಕ್ಲಾನ್ಸ್‌ಮನ್’.

ಅಲ್ಲಿ ನಡೆದದ್ದೇ ಬೇರೆ. 1868ರಲ್ಲಿ ಆ ರಾಜ್ಯದ ಸಂವಿಧಾನ ಬರೆದ ಸಭೆಯಲ್ಲೂ ಕಪ್ಪು ಪ್ರತಿನಿಧಿಗಳೇ ಹೆಚ್ಚು. ಆಸ್ತಿವಂತನಿಗೇ ಅಧಿಕಾರ ಅನ್ನೋ ನಿಯಮ ಕಿತ್ತರು. ಎಲ್ಲ ಮಕ್ಕಳಿಗೂ ಸರ್ಕಾರಿ ಶಾಲೆ ಅಂದರು. ಗುಲಾಮರಿಗೆ ಅಕ್ಷರ ಕಲಿಸುವುದೇ ಅಪರಾಧವಾಗಿದ್ದ ನೆಲ ಅದು! ಹಳ್ಳಿ ಮೇಷ್ಟ್ರುಗಳು ಇದನ್ನು ಇನ್ನೊಂದು ಸಲ ಓದಬೇಕು. (ಅದೇ ಕಾಲದಲ್ಲಿ, 1873ರಲ್ಲಿ, ಜೋತಿಬಾ ಫುಲೆ ಅವರು ತಮ್ಮ ‘ಗುಲಾಮಗಿರಿ’ಯನ್ನು ಗುಲಾಮರ ಬಿಡುಗಡೆಗೆ ದುಡಿದ ಅಮೆರಿಕದ ಜನರಿಗೆ ಅರ್ಪಿಸಿದ್ದರು.) ಬರಿಗಾಲು ಹುಡುಕಿದ ಕ್ಯಾಮರಾಕ್ಕೆ ಶಾಲೆ ಕಾಣಲಿಲ್ಲ.

ಮುಖಕ್ಕೆ ಮಸಿ ಬಳಿದ ಬಿಳಿ ನಟ ‘ಗಸ್’ ಆಗಿ ಬಿಳಿ ಹುಡುಗಿಯನ್ನು ಅಟ್ಟಿಸಿಕೊಂಡು ಹೋಗುತ್ತಾನೆ. ಅವನನ್ನು ಕೊಂದ ಕು ಕ್ಲಕ್ಸ್ ಕ್ಲಾನ್ ಚಿತ್ರದ ನಾಯಕರು. ಸುಡುವ ಶಿಲುಬೆ ಹಳೆಯ ಕ್ಲಾನಿನ ಪದ್ಧತಿಯಲ್ಲ, ಡಿಕ್ಸನ್‌ನ ಕಾದಂಬರಿಯ ಕಲ್ಪನೆ. ಅದೇ 1915ರ ನವೆಂಬರಿನಲ್ಲಿ ಜಾರ್ಜಿಯಾದ ಸ್ಟೋನ್ ಮೌಂಟನ್ ಮೇಲೆ ಕ್ಲಾನ್ ಮತ್ತೆ ಹುಟ್ಟಿದಾಗ ನಿಜವಾದ ಶಿಲುಬೆಯನ್ನೇ ಸುಟ್ಟರು. ಕಲ್ಪನೆಗೆ ಬೆಂಕಿ ಹತ್ತೋದು ಹೀಗೆ.

ಕಪ್ಪು ಜನ ಸುಮ್ಮನೆ ಕೂರಲಿಲ್ಲ. ಊರೂರಲ್ಲಿ ಚಿತ್ರದ ವಿರುದ್ಧ ಪ್ರತಿಭಟಿಸಿದರು. 1920ರಲ್ಲಿ ಕಪ್ಪು ನಿರ್ದೇಶಕ ಆಸ್ಕರ್ ಮಿಶೋ ‘ವಿದಿನ್ ಅವರ್ ಗೇಟ್ಸ್’ ತೆಗೆದ. ಅದೂ ಕಟ್ಟುಕತೆಯೇ. ಆದರೆ ಅಲ್ಲಿ ಗುಂಪು ಸೇರಿ ಕೊಲ್ಲುವವರು ಬಿಳಿಯರು, ಹೆಣ್ಣಿನ ಮೈಮೇಲೆ ಬೀಳುವವನೂ ಬಿಳಿಯ. ನಾಯಕಿ ಸಿಲ್ವಿಯಾ ಟೀಚರಮ್ಮ. ದಕ್ಷಿಣದ ಕಪ್ಪು ಮಕ್ಕಳ ಶಾಲೆ ಮುಚ್ಚದಿರಲಿ ಅಂತ ದುಡ್ಡು ಕೂಡಿಸಲು ಉತ್ತರಕ್ಕೆ ಹೋಗುತ್ತಾಳೆ. ಗ್ರಿಫಿತ್‌ನ ಚಿತ್ರ ದೇಶ ಸುತ್ತಿ ದುಡ್ಡು ಬಾಚಿತು. ಮಿಶೋನ ಚಿತ್ರ ದಶಕಗಳ ಕಾಲ ಕಣ್ಮರೆಯಾಗಿ, 1970ರ ದಶಕದಲ್ಲಿ ಸ್ಪೇನಿನಲ್ಲಿ ಅದರ ಒಂದು ಪ್ರತಿ ಸಿಕ್ಕಿತು.