ಬಿಟಿಎಂ ಲೇಔಟಿನ ಸ್ಕೂಟರ್ ರಿಪೇರಿ ಮತ್ತು ಕ್ರ್ಯಾಂಕಿನ ಆಯಿಲ್ ಸೀಲು

ಬಿಟಿಎಂ ಲೇಔಟಿನಲ್ಲಿ ಸ್ಕೂಟರ್ ರಿಪೇರಿ ಕಸುಬು ಬೇರೂರಿದ್ದು ಸಂಬಳದಾರರ ಗಾಡಿಗಳನ್ನು ನೆಚ್ಚಿಕೊಂಡು. ಬೈರಸಂದ್ರ, ತಾವರೆಕೆರೆ, ಮಡಿವಾಳ ಈ ಮೂರೂರುಗಳ ಮೊದಲಕ್ಷರದಿಂದ ಹೆಸರು ಪಡೆದ ಈ ಬಡಾವಣೆಗೆ ಆಡುಗೋಡಿಯ ಮೈಕೋ ಕಾರ್ಖಾನೆ ದೂರವಿರಲಿಲ್ಲ. 1951ರಲ್ಲಿ ಶುರುವಾದ ಆ ಕಂಪನಿಯ ಹೆಸರಿನಿಂದ ಬಡಾವಣೆಯ ಎರಡನೇ ಹಂತವನ್ನು ಜನ ಇಂದಿಗೂ ಮೈಕೋ ಲೇಔಟ್ ಎನ್ನುತ್ತಾರೆ. ಮೈಕೋದ ಸ್ಪಾರ್ಕ್ ಪ್ಲಗ್ಗಂತೂ ಪ್ರತಿ ಮೆಕ್ಯಾನಿಕ್ಕಿನ ಡಬ್ಬದಲ್ಲೂ ಇರುತ್ತಿತ್ತು. ಎಂಜಿನ್ನಿನ ಒಳಗೆ ಏನಾಗಿದೆ ಎಂದು ಮೊದಲು ಹೇಳುತ್ತಿದ್ದುದೂ ಅದೇ.

ಬಜಾಜ್ ಕಂಪನಿ 1960ರ ಸುಮಾರಿಗೆ ಇಟಲಿಯ ಪಿಯಾಜಿಯೋ ಪರವಾನಗಿಯಲ್ಲಿ ವೆಸ್ಪಾ ತಯಾರಿಸತೊಡಗಿತು. 1972ರಲ್ಲಿ ಚೇತಕ್ ಬಂತು. ಲ್ಯಾಂಬ್ರೆಟಾ, ವಿಜಯ್ ಸೂಪರ್ ಜತೆಗಿದ್ದವು. ಮೈಸೂರಿನಿಂದ ಜಾವಾ, ಯೆಜ್ಡಿ ಬೈಕುಗಳು ಬರುತ್ತಿದ್ದವು. ಇವೆಲ್ಲ ಎರಡು ಸ್ಟ್ರೋಕಿನವು. ಹಣ ಕಟ್ಟಿ ಹೆಸರು ಬರೆಸಿ ವರ್ಷಗಟ್ಟಲೆ ಕಾದು ಪಡೆದ ಚೇತಕ್ಕನ್ನು ಮಾರುವ ಯೋಚನೆ ಯಾರಿಗೂ ಬರುತ್ತಿರಲಿಲ್ಲ. ಸಿಲಿಂಡರ್ ಸವೆದರೆ ಬೋರ್ ಮಾಡಿಸುವುದು, ಕ್ರ್ಯಾಂಕಿಗೆ ಹೊಸ ಕನೆಕ್ಟಿಂಗ್ ರಾಡ್ ಹಾಕಿಸುವುದು, ಮತ್ತೆ ಓಡಿಸುವುದು. ಸಾಮಾನು ಜೆ.ಸಿ. ರಸ್ತೆಯಿಂದ ಬರುತ್ತಿತ್ತು, ಲೇತ್ ಕೆಲಸ ಲೇತ್ ಅಂಗಡಿಯಲ್ಲಿ, ಬಿಚ್ಚುವುದು, ಕೂಡಿಸುವುದು ಅಡ್ಡರಸ್ತೆಯ ಶೆಟರಿನ ಮುಂದೆ. ಹೀಗೆ ಮೂರು ಕೈ ಹಾದು ಬಂದ ಎಂಜಿನ್ ಹೊರಗಿನಿಂದ ಹೊಸದಾಗಿ ಕಂಡರೂ ಒಳಗೆ ಗಾಳಿ ಸೋರುವುದು ಅಪರೂಪವಾಗಿರಲಿಲ್ಲ.

ಆ ಸೋರಿಕೆಯ ಮುಖ್ಯ ದಾರಿ ಕ್ರ್ಯಾಂಕಿನ ಆಯಿಲ್ ಸೀಲು. ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಅದು ಹರಿದರೆ ನೆಲಕ್ಕೆ ಎಣ್ಣೆ ತೊಟ್ಟಿಕ್ಕುತ್ತದೆ, ಸಾಮಾನ್ಯವಾಗಿ ಅಷ್ಟೇ. ಎರಡು ಸ್ಟ್ರೋಕಿನಲ್ಲಿ ಹಾಗಲ್ಲ. ಕ್ರ್ಯಾಂಕ್ ಕೇಸೇ ಅಲ್ಲಿ ಪಂಪು. ಪಿಸ್ಟನ್ ಮೇಲೇರಿದಾಗ ಒಳಗೆ ನಿರ್ವಾತ ಹುಟ್ಟಿ ಪೆಟ್ರೋಲು, ಗಾಳಿ, ಟು-ಟಿ ಆಯಿಲಿನ ಮಿಶ್ರಣವನ್ನು ಎಳೆದುಕೊಳ್ಳುತ್ತದೆ. ಇಳಿದಾಗ ಅದನ್ನೇ ಒತ್ತಿ ಸಿಲಿಂಡರಿಗೆ ಕಳಿಸುತ್ತದೆ. ಎಂಜಿನ್ ನಿಮಿಷಕ್ಕೆ 5,000 ಸುತ್ತು ತಿರುಗುವಾಗ ಈ ಎಳೆತ, ಒತ್ತಡ ಸೆಕೆಂಡಿಗೆ 83 ಸಲ ನಡೆಯುತ್ತದೆ. ಈ ಕೋಣೆಯನ್ನು ಎರಡು ತುದಿಯಲ್ಲಿ ಮುಚ್ಚಿರುವುದು ಎರಡು ರಬ್ಬರ್ ಸೀಲುಗಳು: ಮ್ಯಾಗ್ನೆಟ್ ಕಡೆ ಒಂದು, ಕ್ಲಚ್ ಕಡೆ ಒಂದು.

ಮ್ಯಾಗ್ನೆಟ್ ಕಡೆಯ ಸೀಲಿನ ಆಚೆ ಇರುವುದು ಬರೀ ಗಾಳಿ. ಅದು ಸೋತರೆ ಕಾರ್ಬುರೇಟರ್ ಅಳೆದು ಕೊಡದ ಗಾಳಿ ಒಳಗೆ ನುಗ್ಗಿ ಮಿಶ್ರಣ ತೆಳುವಾಗುತ್ತದೆ. ತಣ್ಣಗಿದ್ದಾಗ ಸರಿಯಾಗಿದ್ದ ಗಾಡಿ ಬಿಸಿಯಾದ ಮೇಲೆ ಆಕ್ಸಿಲರೇಟರ್ ಬಿಟ್ಟರೂ ತಾನಾಗಿ ರೇಸ್ ಆಗುತ್ತಿರುತ್ತದೆ. ಪ್ಲಗ್ ಬಿಚ್ಚಿದರೆ ಕಾಫಿ ಬಣ್ಣದ ಬದಲು ಸುಣ್ಣದ ಬಿಳುಪು ಕಾಣುತ್ತದೆ. ಹಾಗೆಯೇ ಓಡಿಸುತ್ತ ಹೋದರೆ ಪಿಸ್ಟನ್ ಸೀಜ್ ಆಗುವುದು ಖಂಡಿತ. ಇದಕ್ಕೆಲ್ಲ ಮೊದಲ ಬೈಗುಳ ತಿನ್ನುತ್ತಿದ್ದುದು ಕಾರ್ಬುರೇಟರ್. ನಿರಪರಾಧಿ ಜೆಟ್ಟುಗಳನ್ನು ತೊಳೆದೂ ತೊಳೆದೂ ಬೇಸತ್ತ ಮೇಲೆ ಮ್ಯಾಗ್ನೆಟ್ ಪುಲ್ಲರ್ ಹೊರಬರುತ್ತಿತ್ತು.

ಕ್ಲಚ್ ಕಡೆಯ ರೋಗವೇ ಬೇರೆ. ಚೇತಕ್ಕಿನಲ್ಲಿ ಆ ಸೀಲಿನ ಆಚೆ ಸುಮಾರು 250 ಮಿ.ಲೀ. ಗೇರ್ ಆಯಿಲ್ ಇರುತ್ತದೆ. ನಿರ್ವಾತ ಅದನ್ನು ಒಳಕ್ಕೆ ಹೀರಿದರೆ ಸೈಲೆನ್ಸರಿನಿಂದ ದಟ್ಟವಾದ ಬಿಳಿ ಹೊಗೆ ಬರುತ್ತದೆ, ಪ್ಲಗ್ ಒದ್ದೆಯಾಗುತ್ತದೆ, ಗೇರ್ ಆಯಿಲ್ ಮಟ್ಟ ಇಳಿಯುತ್ತದೆ. ಕೆಲವು ಸಲ ತಿರುಗುಮುರುಗು: ಒತ್ತಡದ ಹೊಡೆತಕ್ಕೆ ಪೆಟ್ರೋಲೇ ಗೇರ್ ಬಾಕ್ಸಿಗೆ ಇಳಿಯುತ್ತದೆ. ಆಗ ಮಟ್ಟ ಏರಿ, ಎಣ್ಣೆ ನೀರಾಗಿ, ಮೂಸಿದರೆ ಪೆಟ್ರೋಲ್ ವಾಸನೆ ಹೊಡೆಯುತ್ತದೆ. ಮ್ಯಾಗ್ನೆಟ್ ಕಡೆಯ ಸೀಲನ್ನು ಹೊರಗಿನಿಂದಲೇ ಬದಲಿಸಬಹುದು. ಕ್ಲಚ್ ಕಡೆಯದಕ್ಕೆ ಎಂಜಿನ್ ಇಳಿಸಿ ಕೇಸನ್ನು ಎರಡು ಹೋಳು ಮಾಡಲೇಬೇಕು. ತಪ್ಪಾಗಿ ಊಹಿಸಿದರೆ ಎರಡು ದಿನದ ಕೂಲಿ ನೀರಿನಲ್ಲಿ ಹೋಮ.

ಹೊಸ ಸೀಲು ಹಾಕಿದ ಎಂಜಿನ್ನೂ ಸೋರುವುದೇಕೆ? ಹೆಚ್ಚಾಗಿ ಕೂಡಿಸುವಾಗಿನ ಅವಸರದಿಂದ. ಕ್ರ್ಯಾಂಕಿನ ತುದಿಯಲ್ಲಿ ಮ್ಯಾಗ್ನೆಟ್ ಕೀ ಕೂರುವ ಕಚ್ಚಿನ ಅಂಚು ಚಾಕುವಿನಷ್ಟು ಹರಿತ. ಎಣ್ಣೆ ಸವರದೆ, ಕಚ್ಚಿಗೆ ಟೇಪು ಸುತ್ತದೆ ಸೀಲನ್ನು ತಳ್ಳಿದರೆ ಕ್ರ್ಯಾಂಕನ್ನು ಅಪ್ಪಿಕೊಳ್ಳುವ ಅದರ ತುಟಿಯಲ್ಲಿ ಕೂದಲೆಳೆಯಷ್ಟು ಸೀಳು ಬೀಳುತ್ತದೆ. ಕಣ್ಣಿಗೆ ಕಾಣದು, ಗಾಳಿಗೆ ಸಾಕು. ತುಟಿಯ ಹಿಂದಿನ ಸುರುಳಿ ಸ್ಪ್ರಿಂಗ್ ಕಳಚಿಕೊಂಡರೂ ಅದೇ ಕಥೆ. ಹಳೆಯ ಸೀಲು ಉಜ್ಜಿ ಕ್ರ್ಯಾಂಕಿನ ಮೇಲೆ ಉಂಗುರದಂತೆ ತಗ್ಗು ಬಿದ್ದಿದ್ದರೆ ಹೊಸದೂ ಅಲ್ಲಿ ಹಿಡಿಯುವುದಿಲ್ಲ. ರಾಡ್ ಬದಲಿಸಿದ ಮೇಲೆ ಕ್ರ್ಯಾಂಕನ್ನು ನೇರ ಮಾಡದಿದ್ದರೆ ಅದು ಓಲಾಡುತ್ತ ತಿರುಗಿ ಸೀಲನ್ನು ಬೇಗ ತಿಂದುಹಾಕುತ್ತದೆ. ಇದು ಲೇತಿನವರ ಪಾಲಿನ ತಪ್ಪಾದರೂ ಬೈಸಿಕೊಳ್ಳುವುದು ಮೆಕ್ಯಾನಿಕ್.

ಸಿರಿಂಜಿನಿಂದ ಮ್ಯಾಗ್ನೆಟ್ ಹಿಂದೆ ಪೆಟ್ರೋಲ್ ಹನಿಸಿ ಎಂಜಿನ್ನಿನ ಸದ್ದು ಬದಲಾಗುತ್ತದೆಯೇ ಎಂದು ಕೇಳುವ ರೂಢಿ ಇದೆ. ಬೆಂಕಿಯ ಅಪಾಯದ ಮಾತಿರಲಿ, ಮ್ಯಾಗ್ನೆಟ್ಟಿನ ಫ್ಯಾನೇ ಹನಿಗಳನ್ನು ಊದಿಬಿಡುವುದರಿಂದ ಅದನ್ನು ಪೂರ್ತಿ ನಂಬುವಂತಿಲ್ಲ. ಗಟ್ಟಿ ಪರೀಕ್ಷೆ ಒತ್ತಡದ್ದು. ಕಾರ್ಬುರೇಟರ್ ಕೂರುವ ಬಾಯಿ ಮತ್ತು ಸೈಲೆನ್ಸರ್ ಬಾಯಿಯನ್ನು ಮುಚ್ಚಿ, ಪಿಸ್ಟನ್ನನ್ನು ಕೆಳಗಿಳಿಸಿ, ಪ್ಲಗ್ ತೂತಿನಿಂದ ಸುಮಾರು 6 ಪಿಎಸ್‌ಐ ಗಾಳಿ ತುಂಬಬೇಕು. ಅದಕ್ಕಿಂತ ತೀರಾ ಹೆಚ್ಚು ತುಂಬಿದರೆ ಒಳ್ಳೆಯ ಸೀಲೂ ಕಿತ್ತುಬರಬಹುದು. ಗೇಜಿನ ಮುಳ್ಳು ಕೆಲವು ನಿಮಿಷ ಅಲುಗದೆ ನಿಂತರೆ ಸೋರಿಕೆ ಇಲ್ಲ. ಇಳಿಯುತ್ತಿದ್ದರೆ ಸೋಪುನೀರು ಸವರಿ ನೋಡುವುದು: ಮ್ಯಾಗ್ನೆಟ್ ಕಡೆ ಗುಳ್ಳೆ ಎದ್ದರೆ ಆ ಸೀಲು, ಗೇರ್ ಆಯಿಲ್ ಹಾಕುವ ತೂತಿನಲ್ಲಿ ಎದ್ದರೆ ಕ್ಲಚ್ ಕಡೆಯದು, ಎರಡು ಹೋಳು ಸೇರುವ ಗೆರೆಯಲ್ಲಿ ಎದ್ದರೆ ಗ್ಯಾಸ್ಕೆಟ್.

2001ರಲ್ಲಿ ಹೋಂಡಾ ಆಕ್ಟಿವಾ ಬಂದ ಮೇಲೆ ನಾಲ್ಕು ಸ್ಟ್ರೋಕಿನ ಸ್ಕೂಟರೇ ರೂಢಿಯಾಯಿತು. ಹೊಗೆ ಮಿತಿಗಳು ಬಿಗಿಯಾದವು. ದಶಕದ ಕೊನೆಗೆ ಬಜಾಜ್ ಪೆಟ್ರೋಲ್ ಸ್ಕೂಟರ್ ತಯಾರಿಕೆಯನ್ನೇ ನಿಲ್ಲಿಸಿತು. ಈಗ ಚೇತಕ್ ಇಟ್ಟುಕೊಂಡವರು ಆಸೆಗೆ ಇಟ್ಟುಕೊಂಡವರು, ಅವರಿಗೆ ಹೊಸದೊಂದು ತೊಂದರೆ ಸೇರಿದೆ. ಶೇ 20 ಎಥನಾಲ್ ಬೆರೆಸಿದ ಪೆಟ್ರೋಲಿಗೆ 2023ರ ಫೆಬ್ರುವರಿ 6ರಂದು ಚಾಲನೆ ಸಿಕ್ಕಿದ್ದು ಬೆಂಗಳೂರಿನಲ್ಲೇ. ಹಳೆಯ ನೈಟ್ರೈಲ್ ರಬ್ಬರ್ ಅದರಲ್ಲಿ ಉಬ್ಬಿ ಮೆತ್ತಗಾಗುತ್ತದೆ. ಎರಡು ಸ್ಟ್ರೋಕಿನ ಸೀಲು ಸದಾ ಪೆಟ್ರೋಲಿನಲ್ಲೇ ನೆನೆಯುವುದರಿಂದ, ಎಂಜಿನ್ ಬಿಚ್ಚಿದಾಗ ಎಥನಾಲ್ ತಾಳುವ ವೈಟಾನ್ ರಬ್ಬರಿನ ಸೀಲು ಹಾಕಿಸುವುದು ಈಗ ಹೆಚ್ಚುತ್ತಿದೆ.